ಕಣ್ಣ ಸುತ್ತಿನ ಗುರುತು

ಕುಂಬಳಕಾಯಿ ಕಳ್ಳನೆಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆಯನ್ನು ನಾವು ಬಾಲ್ಯದಿಂದಲೂ ಕೇಳಿದ್ದೇವೆ, ಕೇಳಿ ನಕ್ಕಿದ್ದೇವೆ. ಆದರೆ ೬೧ನೆಯ ವಯಸ್ಸಿನಲ್ಲಿ, ಪಿಂಚಣಿ ಪಡೆಯುವ ಗೃಹಸ್ಥರಾಗಿ, ಚಾಮರಾಜಪೇಟೆಯ ನಮ್ಮ ಸ್ವಂತ ಮನೆಯ ಹೊಸ್ತಿಲನ್ನು ಪ್ರತಿದಿನ ಬೆಳಿಗ್ಗೆ ಅದೇ ಕಳ್ಳನಂತೆ ದಾಟಬೇಕಾದ ಕಾಲ ಬಂದೀತೆಂದು ನಾವು ಎಣಿಸಿರಲಿಲ್ಲ. ವ್ಯತ್ಯಾಸವಿಷ್ಟೆ: ಅವನು ಹೆಗಲನ್ನು ಮುಟ್ಟಿಕೊಂಡನು, ನಾವು ಕಣ್ಣಿನ ಕೆಳಗನ್ನು ಮುಟ್ಟಿಕೊಳ್ಳುತ್ತಿದ್ದೆವು. ಅವನ ಹೆಗಲ ಮೇಲೆ ಬೂದಿಯಿತ್ತೋ ಇಲ್ಲವೋ ತಿಳಿಯದು. ನಮ್ಮ ಕಣ್ಣುಗಳ ಸುತ್ತ ಮಾತ್ರ ಎರಡು ಬಳೆಗಳು, ಯಾರೋ ಅಚ್ಚೊತ್ತಿದಂತೆ, ಸ್ಪಷ್ಟವಾಗಿ ಮೂಡಿರುತ್ತಿದ್ದುವು.

ಇದಕ್ಕೆಲ್ಲ ಮೂಲ ನಮ್ಮ ಮೊಣಕಾಲುಗಳು. ಮೆಟ್ಟಿಲು ಹತ್ತುವಾಗ ಅವು ಹಳೆಯ ಬಾಗಿಲಿನಂತೆ ಕಿರುಗುಟ್ಟಲಾರಂಭಿಸಿ ಒಂದು ವರ್ಷವಾಗಿತ್ತು. ವೈದ್ಯರು ಪರೀಕ್ಷಿಸಿ, ಕಲ್ಲು ರಸ್ತೆಯ ಮೇಲೆ ನಡೆಯುವುದನ್ನು ಕಡಿಮೆ ಮಾಡಿ ನೀರಿನಲ್ಲಿ ವ್ಯಾಯಾಮ ಮಾಡಿರೆಂದರು. ಎದೆಮಟ್ಟದ ನೀರಿನಲ್ಲಿ ನಿಂತರೆ ದೇಹದ ಭಾರದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನೀರೇ ಹೊರುತ್ತದೆಯಂತೆ. ಕೀಲುಗಳಿಗೆ ಅಷ್ಟರಮಟ್ಟಿಗೆ ವಿಶ್ರಾಂತಿ. ಈಜು ಕಲಿತರೆ ಇನ್ನೂ ಲೇಸು ಎಂದರು. ಅವರಿಗೇನು, ಹೇಳಿಬಿಟ್ಟರು. ನಮ್ಮ ಮನೆಯಲ್ಲಿ ಈಜು ಎಂಬ ಮಾತನ್ನು ಆಡುವಂತಿರಲಿಲ್ಲ.

ನಮ್ಮ ತಾಯಿಯವರಿಗೆ ಈಗ ೮೬ ವರ್ಷ. ಅವರಿಗೆ ಎಂಟು ವರ್ಷವಾಗಿದ್ದಾಗ ಅವರ ಅಣ್ಣ ಊರಿನ ಕಲ್ಯಾಣಿಯಲ್ಲಿ ಮುಳುಗಿ ತೀರಿಕೊಂಡರು. ನಮಗೆ ತಿಳಿದಿದ್ದುದು ಇಷ್ಟೇ. ಇದಕ್ಕಿಂತ ಹೆಚ್ಚಾಗಿ ಅವರು ಹೇಳಿದ್ದಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ. ಅವರ ಮಕ್ಕಳಾಗಲಿ ಮೊಮ್ಮಕ್ಕಳಾಗಲಿ ಬಿಂದಿಗೆಯ ನೀರಿಗಿಂತ ಆಳವಾದ ನೀರಿಗೆ ಇಳಿಯಕೂಡದೆಂಬುದು ನಮ್ಮ ಮನೆಯ ಶಾಸನವಾಗಿತ್ತು. ಬೇಸಗೆಯ ರಜೆಯಲ್ಲಿ ಊರಿಗೆ ಹೋದಾಗ ಓರಗೆಯ ಹುಡುಗರು ಒಣಗಿದ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ತೋಟದ ಬಾವಿಗೆ ಧುಮುಕುತ್ತಿದ್ದರೆ, ನಾವು ಕಟ್ಟೆಯ ಮೇಲೆ ಕುಳಿತು ಅವರ ಅಂಗಿ ಚಡ್ಡಿಗಳನ್ನು ಕಾಯುತ್ತಿದ್ದೆವು. ಕೆಂಪಾಂಬುಧಿ ಕೆರೆ ನಮ್ಮ ಮನೆಗೆ ಎಷ್ಟು ದೂರ? ಅದರ ಏರಿಯ ಮೇಲೆ ನಡೆದು ಬಂದುದು ತಿಳಿದರೂ ಅಂದು ವಿಚಾರಣೆಯಾಗುತ್ತಿತ್ತು. ಧರ್ಮಾಂಬುಧಿ ಕೆರೆ ಬಸ್ಸು ನಿಲ್ದಾಣವಾದುದೂ, ಸಂಪಂಗಿ ಕೆರೆಯ ಜಾಗದಲ್ಲಿ ಕ್ರೀಡಾಂಗಣವೆದ್ದುದೂ ಊರಿನ ಹಿರಿಯರಿಗೆ ದುಃಖದ ಸಂಗತಿಗಳು. ನಮ್ಮ ತಾಯಿಯವರಿಗೆ ಅಷ್ಟು ದುಃಖವಿದ್ದಂತೆ ಕಾಣಲಿಲ್ಲ.

ಹೀಗಿರಲಾಗಿ ನಾವು ಸತ್ಯವನ್ನು ಬಿಟ್ಟು ಸುಲಭೋಪಾಯವನ್ನು ಹಿಡಿದೆವು. ಬೆಳಿಗ್ಗೆ ಲಾಲ್‌ಬಾಗಿಗೆ ತಿರುಗಾಡಲು ಹೋಗುತ್ತೇವೆಂದು ಹೇಳಿ, ಬಸವನಗುಡಿಯ ಕಡೆಯ ಒಂದು ಈಜುಕೊಳಕ್ಕೆ ಹೋಗಲಾರಂಭಿಸಿದೆವು. ನಮ್ಮ ಮನೆಯವರಿಗೆ ಮಾತ್ರ ಗುಟ್ಟು ಗೊತ್ತಿತ್ತು. ತಲೆಗೂದಲು ಒದ್ದೆಯಾಗಿರುವ ಭಯ ನಮಗಿರಲಿಲ್ಲ. ಆ ವಿಷಯದಲ್ಲಿ ಭಗವಂತನು ಹತ್ತು ವರ್ಷಗಳ ಹಿಂದೆಯೇ ನಮ್ಮನ್ನು ನಿಶ್ಚಿಂತರನ್ನಾಗಿ ಮಾಡಿದ್ದನು. ಒದ್ದೆ ಬಟ್ಟೆಗಳನ್ನು ಸ್ಕೂಟರಿನ ಪೆಟ್ಟಿಗೆಯಲ್ಲಿಟ್ಟು, ತಾಯಿಯವರು ಪೂಜೆಗೆ ಕುಳಿತ ಬಳಿಕ ಹಿತ್ತಲಲ್ಲಿ ಒಣಗಹಾಕುತ್ತಿದ್ದೆವು. ಎಲ್ಲಕ್ಕೂ ಉಪಾಯವಿತ್ತು, ಕಣ್ಣ ಸುತ್ತಿನ ಗುರುತೊಂದಕ್ಕೆ ಹೊರತು.

ಮೊದಲನೆಯ ವಾರದಲ್ಲಿಯೇ ತಾಯಿಯವರು ಕೇಳಿದರು: “ಏನೋ ಅದು, ಕಣ್ಣಿಗೆ ಬಟ್ಟಲು ಒತ್ತಿದ ಹಾಗಿದೆಯಲ್ಲ? ರಾತ್ರಿ ನಿದ್ದೆ ಬರಲಿಲ್ಲವೇನೋ?” ಓದುವ ಕನ್ನಡಕ ಬಿಗಿಯಾಗಿದೆಯೆಂದು ಹೇಳಿದೆವು. ಒಂದು ಸುಳ್ಳಿಗೆ ಇನ್ನೊಂದು ಜೊತೆಯಾಯಿತು.

ಅಂದಿನಿಂದ ಗುರುತನ್ನು ಅಳಿಸುವ ವಿದ್ಯೆಯನ್ನು ನಾವು ಶ್ರದ್ಧೆಯಿಂದ ಅಭ್ಯಾಸ ಮಾಡಿದೆವು. ಈಜನ್ನು ಅಷ್ಟು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದರೆ ಇಷ್ಟು ಹೊತ್ತಿಗೆ ಪದಕವೇ ಬರುತ್ತಿತ್ತೋ ಏನೋ! ನಮ್ಮಂತೆ ತಡವಾಗಿ ನೀರಿಗಿಳಿದ ಇತರ ಗೃಹಸ್ಥರಿಗೂ ಗೃಹಿಣಿಯರಿಗೂ, ಮಕ್ಕಳನ್ನು ಈಜಿಗೆ ಕಳುಹಿಸುವ ತಾಯ್ತಂದೆಯರಿಗೂ ಉಪಯೋಗವಾಗಬಹುದೆಂದು ನಮ್ಮ ಪ್ರಯೋಗಗಳ ಫಲವನ್ನು ಇಲ್ಲಿ ನಿವೇದಿಸುತ್ತೇವೆ.

ಮೊದಲು ಮಾಡಿದುದು ಕೊಬ್ಬರಿಎಣ್ಣೆಯ ಪ್ರಯೋಗ. ನೀರಿಗಿಳಿಯುವ ಮೊದಲೇ ಕಣ್ಣ ಸುತ್ತ ಎಣ್ಣೆ ಸವರಿದರೆ ರಬ್ಬರು ಅಂಟಲಾರದೆಂಬುದು ನಮ್ಮ ತರ್ಕ. ತರ್ಕವು ಸರಿಯಾಗಿತ್ತು, ಅಂಟಲೇ ಇಲ್ಲ. ಈಜುಗನ್ನಡಕ ಕೆನ್ನೆಗೆ ಜಾರಿತು, ಗಾಜಿನ ಒಳಗೆ ಮಂಜು ಕವಿಯಿತು, ನೀರು ತುಂಬಿತು. ಎದುರಿನಿಂದ ಬರುತ್ತಿದ್ದ ಹತ್ತು ವರ್ಷದ ಹುಡುಗನ ಹೊಟ್ಟೆಗೆ ನಮ್ಮ ತಲೆ ತಾಗಿತು. “ಅಂಕಲ್, ನೋಡಿಕೊಂಡು ಬನ್ನಿ” ಎಂದು ಅವನು ಮರ್ಯಾದೆಯಿಂದಲೇ ಹೇಳಿದನು. ಎಣ್ಣೆಯೇನಿದ್ದರೂ ನೀರಿನಿಂದ ಮೇಲೆ ಬಂದ ಬಳಿಕ.

ನೀರು ನುಗ್ಗದಿರಲೆಂದು ಪಟ್ಟಿಯನ್ನು ಬಿಗಿ ಮಾಡಿದೆವು. ಅದು ಇನ್ನೂ ದೊಡ್ಡ ತಪ್ಪು. ಗುರುತು ಆಳವಾಯಿತಲ್ಲದೆ ಹುಬ್ಬಿನ ಮೇಲೆ ತಲೆನೋವು ಬಂದಿತು. ಹುಬ್ಬಿನ ಮೂಳೆಯ ಅಂಚಿನಲ್ಲಿ ಹಣೆಗೆ ಹೋಗುವ ನರವೊಂದು ಹೊರಬರುತ್ತದೆ. ಬಿಗಿಯಾದ ಈಜುಗನ್ನಡಕ ಅದನ್ನು ಒತ್ತಿದರೆ ಇಂಥ ನೋವು ಬರುವುದುಂಟೆಂದು ವೈದ್ಯರು ತಿಳಿಸಿದರು. ನಾವು ಅದುವರೆಗೆ ಅದನ್ನು ಸುಳ್ಳು ಹೇಳಿದ ಪಾಪದ ಫಲವೆಂದೇ ತಿಳಿದಿದ್ದೆವು.

ಗುರುತು ಏಕೆ ಬೀಳುತ್ತದೆಂಬುದನ್ನು ಅವರೇ ವಿವರಿಸಿದರು. ರೆಪ್ಪೆಯ ಚರ್ಮ ನಮ್ಮ ದೇಹದಲ್ಲಿಯೇ ಅತ್ಯಂತ ತೆಳುವಾದುದು, ಒಂದು ಮಿಲಿಮೀಟರಿಗೂ ಕಡಿಮೆ. ಅದರ ಸುತ್ತಣದೂ ನಾಜೂಕಾದುದೇ. ಈಜುಗನ್ನಡಕವನ್ನು ಮುಖಕ್ಕೆ ಒತ್ತಿದಾಗ ಒಳಗಿನ ಗಾಳಿ ಸ್ವಲ್ಪ ಹೊರಗೆ ಹೋಗಿ ಒಳಗಡೆ ಒತ್ತಡ ಕಡಿಮೆಯಾಗುತ್ತದೆ. ಅದರಿಂದಲೇ ಅದು ಹೀರಿ ಹಿಡಿಯುವುದು. ಅಂಚು ಒತ್ತಿದ ಕಡೆ ಚರ್ಮದೊಳಗಣ ದ್ರವ ಪಕ್ಕಕ್ಕೆ ಸರಿದು ತಗ್ಗಾಗುತ್ತದೆ, ಹೀರಲ್ಪಟ್ಟ ನಡುಭಾಗ ಕೊಂಚ ಉಬ್ಬುತ್ತದೆ. ಸರಿದ ದ್ರವ ಮರಳಿ ಬಂದು ಚರ್ಮ ಸೆಟೆದುಕೊಳ್ಳುವವರೆಗೆ ಬಳೆ ಹೋಗದು. ಹೊಸ ಹತ್ತಿಯ ಹಾಸಿಗೆಯಿಂದ ಎದ್ದರೆ ಅದು ಒಡನೆ ಉಬ್ಬಿಕೊಳ್ಳುತ್ತದೆ. ಹಳೆಯ ಹಾಸಿಗೆಯಲ್ಲಿ ಮಲಗಿದವನ ಆಕಾರ ಮಧ್ಯಾಹ್ನದವರೆಗೂ ಉಳಿದಿರುತ್ತದೆ. ವಯಸ್ಸಾದಂತೆ ಚರ್ಮದ ಪುಟಿಯುವ ಗುಣ ಕುಗ್ಗುತ್ತದೆ. ಕೊಳದ ಮಕ್ಕಳ ಗುರುತು ಅವರು ಬಟ್ಟೆ ಬದಲಾಯಿಸುವುದರೊಳಗೆ ಮಾಯವಾಗುತ್ತಿತ್ತು. ನಮ್ಮದು ಎರಡು ಗಂಟೆ ತೆಗೆದುಕೊಳ್ಳುತ್ತಿತ್ತು.

ಆ ಎರಡು ಗಂಟೆಗಳನ್ನು ಕಳೆಯುವುದಕ್ಕಾಗಿ ನಾವು ಗಾಂಧಿಬಜಾರಿನಲ್ಲಿ ಅಲೆದೆವು. ಹೂವಿನವರ ಬಳಿ ಬೇಡದ ಹೂವಿಗೆ ಬೆಲೆ ಕೇಳಿದೆವು. ೧೯೪೩ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನದ ಮುಂದೆ ಎಷ್ಟು ಹೊತ್ತು ಸುಮ್ಮನೆ ನಿಲ್ಲಲಾದೀತು? ಒಳಗೆ ಹೋಗಿ ದೋಸೆ ತಿಂದೆವು. ಹೀಗೆ ಮೊಣಕಾಲಿನ ಭಾರವನ್ನಿಳಿಸಲು ನೀರಿಗೆ ಹೋದವರು, ಗುರುತು ಮಾಯುವವರೆಗೆ ಬೆಣ್ಣೆಯಿಂದ ಆ ಭಾರವನ್ನು ಮರಳಿ ಸಂಪಾದಿಸುತ್ತಿದ್ದೆವು. ತಿಂಗಳ ಕೊನೆಗೆ ತೂಕ ನೋಡಿದ ವೈದ್ಯರಿಗೆ ಆಶ್ಚರ್ಯವಾಯಿತು, ನಮಗೆ ಆಗಲಿಲ್ಲ.

ಕೊನೆಗೆ ದಾರಿ ತೋರಿಸಿದವರು ಕೊಳದ ಶಿಕ್ಷಕರು. ನಮ್ಮ ಈಜುಗನ್ನಡಕವನ್ನು ಕೈಗೆ ತೆಗೆದುಕೊಂಡು ನೋಡಿ, ಇದು ಪಂದ್ಯದ ಹುಡುಗರು ಧರಿಸುವ ಸಣ್ಣ ಬಟ್ಟಲಿನದು, ನಿಮಗೇಕೆ ಎಂದರು. ಅಂಗಡಿಯಲ್ಲಿ ಅಗ್ಗವಾಗಿ ಸಿಕ್ಕಿತೆಂದು ತಂದಿದ್ದೆವು. ಅವರು ಕಲಿಸಿದ ಪರೀಕ್ಷೆ ಸುಲಭವಾದುದು. ಪಟ್ಟಿಯನ್ನು ತಲೆಗೆ ಹಾಕದೆ ಬರಿಯ ಬಟ್ಟಲುಗಳನ್ನು ಕಣ್ಣುಗಳಿಗೆ ಮೆಲ್ಲನೆ ಒತ್ತಿ ಕೈ ಬಿಡಬೇಕು. ಎರಡು ಕ್ಷಣ ತಾನಾಗಿ ನಿಂತರೆ ಅದು ನಮ್ಮ ಮುಖಕ್ಕೆ ಹೊಂದುತ್ತದೆ. ಒಡನೆಯೇ ಬಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಅಂಗಡಿಯವನಿಗೆ ಹಿಂತಿರುಗಿಸುವುದೇ ಮೇಲು. ನೀರು ನುಗ್ಗುವುದು ಸಡಿಲದಿಂದಲ್ಲ, ಆಕಾರ ಹೊಂದದಿರುವುದರಿಂದ. ನಾವು ಬಿಗಿಯುವುದೆಲ್ಲ ಆಕಾರದ ತಪ್ಪನ್ನು ಮುಖದ ಮೇಲೆ ತೀರಿಸಿಕೊಳ್ಳುವುದು. ಮೆದುವಾದ ಸಿಲಿಕೋನಿನ ಅಗಲವಾದ ಅಂಚುಳ್ಳದ್ದು ಒತ್ತಡವನ್ನು ಹಂಚುತ್ತದೆ. ಇನ್ನೂ ದೊಡ್ಡದಾದ, ಮುಖವಾಡದಂತಿರುವ ಬಗೆಯೊಂದಿದೆ. ಅದರ ಅಂಚು ಕಣ್ಣಿನ ಗುಳಿಯ ಮೇಲೆ ಕೂಡದೆ ಹಣೆ ಕೆನ್ನೆಗಳ ಮೂಳೆಯ ಮೇಲೆ ಕೂಡುತ್ತದೆ. ಮೂಗಿನ ಸೇತುವೆ ಬದಲಾಯಿಸಲು ಬರುವಂತಿದ್ದರೆ ಇನ್ನೂ ಒಳ್ಳೆಯದು. ಎಲ್ಲರ ಮೂಗೂ ಒಂದೇ ಅಳತೆಯದಲ್ಲವಷ್ಟೆ. ಹಿಂದಿನ ಪಟ್ಟಿ ಕುತ್ತಿಗೆಯ ಮೇಲಕ್ಕೆ, ತಲೆಯ ಉಬ್ಬಿನ ಮೇಲೆ ಇರಬೇಕು. ಎರಡೆಳೆಯಿದ್ದರೆ ಎಳೆಗಳನ್ನು ಒಂದಕ್ಕೊಂದು ದೂರವಾಗಿಡಬೇಕು. ಗೋಡೆ ಹಿಡಿದು ದಣಿವಾರಿಸಿಕೊಳ್ಳುವಾಗ ಹಣೆಗೆ ಏರಿಸಿಕೊಂಡರೆ ಚರ್ಮಕ್ಕೂ ವಿಶ್ರಾಂತಿ.

ಈ ಉಪಕರಣವನ್ನು ಹೊಸದೆಂದು ನಾವು ತಿಳಿದಿದ್ದೆವು. ೧೯೨೬ರಲ್ಲಿ ಅಮೆರಿಕದ ಗರ್‌ಟ್ರೂಡ್ ಎಡರ್ಲೆ ಎಂಬ ತರುಣಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಈಜಿದ ಮೊದಲ ಮಹಿಳೆಯಾದಾಗ, ಕಣ್ಣಿಗೆ ಕಟ್ಟಿಕೊಂಡ ಕನ್ನಡಕದ ಅಂಚಿಗೆ ಮೇಣವನ್ನು ಕರಗಿಸಿ ಹಚ್ಚಿಕೊಂಡಿದ್ದಳಂತೆ. ೧೪ ಗಂಟೆಗಳಿಗೂ ಮಿಕ್ಕಿ ನೀರಿನಲ್ಲಿದ್ದವಳ ಮುಖದ ಮೇಲೆ ಎಂಥ ಬಳೆಗಳಿದ್ದಿರಬೇಕು! ಪಂದ್ಯಗಳಲ್ಲಿ ಈಜುಗನ್ನಡಕ ಸಾಮಾನ್ಯವಾದುದು ೧೯೭೦ರ ದಶಕದಲ್ಲಿ. ನಮ್ಮ ಬೆಂಗಳೂರಿನವರೇ ಆದ ನಿಶಾ ಮಿಲೆಟ್ ೨೦೦೦ದಲ್ಲಿ ಸಿಡ್ನಿಗೂ, ಬಸವನಗುಡಿ ಅಕ್ವಾಟಿಕ್ ಸೆಂಟರಿನಲ್ಲಿ ಬೆಳೆದ ಶಿಖಾ ಟಂಡನ್ ೨೦೦೪ರಲ್ಲಿ ಅಥೆನ್ಸಿಗೂ ಒಲಿಂಪಿಕ್ಸಿಗೆ ಹೋದರು. ೨೦೨೪ರಲ್ಲಿ ಪ್ಯಾರಿಸಿನ ಒಲಿಂಪಿಕ್ಸಿನಲ್ಲಿ ಈಜಿದ ಧಿನಿಧಿ ದೇಸಿಂಗುವಿಗೆ ಆಗ ೧೪ ವರ್ಷ. ಇವರೆಲ್ಲ ಗುರುತನ್ನು ಮರೆಮಾಡುತ್ತ ಗಾಂಧಿಬಜಾರಿನಲ್ಲಿ ಅಲೆದಿರಲಾರರು.

ನೀರಿನಿಂದ ಎದ್ದ ಮೇಲೆ ಮಾಡಬೇಕಾದುದು ಅಲ್ಪ. ತಣ್ಣೀರಿನಿಂದ ಮುಖ ತೊಳೆದು, ಉಂಗುರದ ಬೆರಳಿನಿಂದ ಮೂಗಿನ ಕಡೆಯಿಂದ ಕಿವಿಯ ಕಡೆಗೆ, ಮೂಳೆಯ ಅಂಚಿನ ಮೇಲೆ ಹಗುರವಾಗಿ ಸವರಬೇಕು, ಉಜ್ಜಬಾರದು. ಬಳಿಕ ತೇವ ಆರುವ ಮುನ್ನ ಒಂದು ಹನಿ ಎಣ್ಣೆ. ನಮ್ಮ ಮನೆಯವರು ಬೆಳ್ಳಿಯ ಚಮಚವನ್ನು ತಣ್ಣೀರಿನಲ್ಲಿಟ್ಟು ಒತ್ತಿಕೊಡುತ್ತಿದ್ದರು. ಸೌತೆಕಾಯಿಯ ಬಿಲ್ಲೆಯನ್ನೂ ನೋಡಿದೆವು. ಗುಣವಿರುವುದು ತಂಪಿನಲ್ಲಿಯೇ ಹೊರತು ಬೆಳ್ಳಿಯಲ್ಲಾಗಲಿ ಸೌತೆಯಲ್ಲಾಗಲಿ ಅಲ್ಲವೆಂದು ನಮ್ಮ ಅಭಿಪ್ರಾಯ. ಸ್ಟೀಲಿನ ಲೋಟವೂ ಅಷ್ಟೇ ಕೆಲಸ ಮಾಡಿತು.

ಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ಗುರುತುಂಟು. ಮೇಲ್ಛಾವಣಿಯಿಲ್ಲದ ಕೊಳದಲ್ಲಿ ಹಗಲು ಹೊತ್ತು ಈಜಿದರೆ ಮುಖವೆಲ್ಲ ಕಪ್ಪಾಗಿ ಕಣ್ಣ ಸುತ್ತ ಮಾತ್ರ ಬಿಳುಪಾಗಿ ಉಳಿದು ಗೂಬೆಯ ಮುಖವಾಗುತ್ತದೆ. ಸಮುದ್ರಮಟ್ಟದಿಂದ ೩,೦೦೦ ಅಡಿ ಎತ್ತರದ ನಮ್ಮೂರಿನಲ್ಲಿ ಹವೆ ತಂಪಾಗಿದ್ದರೂ ಬಿಸಿಲು ಸೌಮ್ಯವಲ್ಲ. ಇದು ಗಂಟೆಗಳಲ್ಲಿ ಹೋಗುವ ಗುರುತಲ್ಲ, ವಾರಗಳೇ ಬೇಕು. ನೀರಿನಲ್ಲಿ ನಿಲ್ಲುವ ಸನ್‌ಸ್ಕ್ರೀನ್ ಲೇಪವನ್ನು ಅರ್ಧ ಗಂಟೆ ಮೊದಲೇ ಹಚ್ಚಬೇಕು, ಕನ್ನಡಕದ ಅಂಚು ಕೂಡುವ ಜಾಗವನ್ನು ಬಿಟ್ಟು. ಇಲ್ಲವಾದರೆ ಅದು ಕಣ್ಣಿಗಿಳಿದು ಉರಿಯುತ್ತದೆ. ಇನ್ನು ಗುರುತಿನ ಜಾಗದಲ್ಲಿ ತುರಿಕೆ, ಕೆಂಪು, ಹೊಪ್ಪಳೆಗಳು ಕಂಡು ದಿನಗಳು ಕಳೆದರೂ ಮಾಯದಿದ್ದರೆ ಅದು ರಬ್ಬರು ಒಗ್ಗದಿರುವ ಲಕ್ಷಣವಾಗಿರಬಹುದು, ಚರ್ಮವೈದ್ಯರಿಗೆ ತೋರಿಸತಕ್ಕದ್ದು. ಕಣ್ಣಿನ ಒತ್ತಡದ ರೋಗ, ಅಂದರೆ ಗ್ಲಾಕೋಮ ಇರುವವರು ಸಣ್ಣ ಬಟ್ಟಲಿನ ಈಜುಗನ್ನಡಕವನ್ನು ಧರಿಸುವ ಮುನ್ನ ಕಣ್ಣಿನ ವೈದ್ಯರನ್ನು ಕೇಳಬೇಕು. ಅದು ಕಣ್ಣಿನೊಳಗಣ ಒತ್ತಡವನ್ನು ಏರಿಸಬಲ್ಲುದು.

ಇಷ್ಟೆಲ್ಲ ವಿದ್ಯೆ ಕೈಗೂಡಿ, ನಮ್ಮ ಗುರುತು ಅರ್ಧ ಗಂಟೆಗೆ ಇಳಿದು, ದೋಸೆಯ ಖರ್ಚು ತಪ್ಪಿ, ನಾವು ನೆಮ್ಮದಿಯಿಂದಿದ್ದಾಗ ಒಂದು ಸೋಮವಾರ ತಾಯಿಯವರು ರಾತ್ರಿ ಊಟಕ್ಕೆ ಬರಲಿಲ್ಲ. ಒಪ್ಪೊತ್ತು ಎಂದರು. ಮುಂದಿನ ಸೋಮವಾರವೂ ಹಾಗೆಯೇ. ೮೬ರ ದೇಹ, ಮಾತ್ರೆಗಳನ್ನು ನುಂಗಲು ಹೊಟ್ಟೆಯಲ್ಲಿ ಅನ್ನವಿರಬೇಕು. ಮೂರನೆಯ ಸೋಮವಾರ ಬೆಳಿಗ್ಗೆ ಸೊಸೆಯನ್ನು ಕರೆದುಕೊಂಡು ಆಟೋದಲ್ಲಿ ಗವಿಗಂಗಾಧರೇಶ್ವರನ ಗುಡಿಗೆ ಹೋಗಿ, ಆ ಗುಹೆಯ ಬಗ್ಗಿದ ದಾರಿಯಲ್ಲಿ ಪ್ರದಕ್ಷಿಣೆ ಮಾಡಲು ಹೊರಟು, ಎರಡನೆಯ ಸುತ್ತಿನಲ್ಲಿ ತಲೆ ಸುತ್ತಿ ಕುಳಿತುಬಿಟ್ಟರಂತೆ. ಮನೆಗೆ ಬಂದ ಬಳಿಕ ನಮ್ಮ ಮನೆಯವರು ನಮ್ಮನ್ನು ಅಡಿಗೆಮನೆಗೆ ಕರೆದು ಹೇಳಿದರು: “ಯಾತಕ್ಕೆ ಈ ವ್ರತ ಗೊತ್ತೇನ್ರೀ? ನಿಮಗೆ ಮೂತ್ರಪಿಂಡದ ಕಾಯಿಲೆ ಬಂದಿದೆ, ನಾವಿಬ್ಬರೂ ಸೇರಿ ಮುಚ್ಚಿಡುತ್ತಿದ್ದೇವೆ ಅಂತ ಅವರ ಮನಸ್ಸಿಗೆ.”

ನಮಗೆ ನಾಲಗೆ ಒಣಗಿತು. ನಮ್ಮ ತಂದೆಯವರು ತೀರಿಕೊಂಡುದು ಅದೇ ಕಾಯಿಲೆಯಿಂದ. ಅವರ ಕೊನೆಯ ವರ್ಷದಲ್ಲಿ ಪ್ರತಿ ಬೆಳಿಗ್ಗೆ ಕಣ್ಣಿನ ಸುತ್ತ ಊದಿಕೊಂಡಿರುತ್ತಿತ್ತು. ಅದನ್ನು ಮೊದಲು ಕಂಡವರು ನಮ್ಮ ತಾಯಿಯವರೇ. ಬೆಳಗಿನ ಊತ, ಮಗನ ತಪ್ಪಿಸಿಕೊಳ್ಳುವ ನೋಟ, ಸೊಸೆ ಗುಟ್ಟಾಗಿ ಚಮಚ ಒತ್ತುವುದು, ಇವೆಲ್ಲವನ್ನೂ ಅವರು ಮೂಲೆಯಲ್ಲಿ ಕುಳಿತು ಜೋಡಿಸಿ ಲೆಕ್ಕ ಹಾಕಿದ್ದರು. ಒಂದು ಹಳೆಯ ಭಯವನ್ನು ಕೆಣಕಬಾರದೆಂದು ನಾವು ಹೇಳಿದ ಸುಳ್ಳು ಇನ್ನೊಂದು ಭಯವನ್ನು ತಂದು ಅವರ ಮಗ್ಗುಲಲ್ಲಿ ಕೂಡಿಸಿತ್ತು.

ಅಂದು ಸಂಜೆ ಅವರ ಮಂಚದ ಬಳಿ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆವು. ಈಜುಗನ್ನಡಕವನ್ನು ತಂದು ಕೈಗಿತ್ತೆವು. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ರಬ್ಬರನ್ನು ಹೆಬ್ಬೆರಳಿನಿಂದ ಒತ್ತಿದರು. ಬೈಯುತ್ತಾರೆಂದು ಕಾದೆವು. ಬಹಳ ಹೊತ್ತಿನ ಮೇಲೆ, “ಕಾಯಿಲೆ ಅಲ್ಲ ತಾನೆ? ನನ್ನಾಣೆಗೂ?” ಎಂದರು. ಅಲ್ಲವೆಂದೆವು. ಬಳಿಕ, ಕೇಳದಿದ್ದರೂ, ಅವರೇ ಹೇಳಿದರು:

“ಅಣ್ಣ ಬಟ್ಟೆ ಬಿಚ್ಚಿ ನನ್ನ ಕೈಗೆ ಕೊಟ್ಟು ಹೋದ. ಇಲ್ಲೇ ಕೂತಿರು, ಎದ್ದು ಹೋಗಬೇಡ, ಬಟ್ಟೆ ಕಾಯಿ ಅಂದ. ನಾನು ಎದ್ದು ಹೋಗಲಿಲ್ಲ. ಮನೆಗೆ ಹೋಗಿ ಹೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಕತ್ತಲಾದ ಮೇಲೆ ಅಪ್ಪ ದೀಪ ಹಿಡಿದುಕೊಂಡು ಬಂದರು. ಆಗಲೂ ಬಟ್ಟೆ ನನ್ನ ತೊಡೆಯ ಮೇಲೆಯೇ ಇತ್ತು.”

ನಾವು ಬಾವಿಯ ಕಟ್ಟೆಯ ಮೇಲೆ ಹುಡುಗರ ಬಟ್ಟೆಗಳನ್ನು ಕಾದುದನ್ನು ಅವರಿಗೆ ಎಂದೂ ಹೇಳಿರಲಿಲ್ಲ. ಅಂದೂ ಹೇಳಲಿಲ್ಲ.

ಮಾರನೆಯ ದಿನ ನಾವು ಕೊಳಕ್ಕೆ ಹೋಗದಿರಲು ನಿಶ್ಚಯಿಸಿ ಮಲಗಿದ್ದೆವು. ಐದೂವರೆಗೆ ತಾಯಿಯವರೇ ಬಾಗಿಲು ತಟ್ಟಿದರು. “ಮೊಣಕಾಲಿಗೆ ಒಳ್ಳೆಯದು ಅಂತ ಡಾಕ್ಟರೇ ಹೇಳಿದ್ದಾರೆ ಅಂದೆಯಲ್ಲ, ಏಳು. ಆಳಕ್ಕೆ ಹೋಗಬೇಡ. ಅಲ್ಲಿ ನೋಡಿಕೊಳ್ಳುವವರು ಇದ್ದಾರೆ ತಾನೆ?” ಇಬ್ಬರು ಇದ್ದಾರೆ, ಹಗ್ಗವೂ ತೇಲುಬಳೆಯೂ ಇವೆ ಎಂದು ಹೇಳಿದೆವು. “ಬಂದ ತಕ್ಷಣ ಮುಖ ತೋರಿಸು” ಎಂದರು.

ಈಗ ಎರಡು ತಿಂಗಳಾಯಿತು. ಒಪ್ಪೊತ್ತು ನಿಂತಿದೆ. ನಾವು ಸ್ಕೂಟರನ್ನು ನಿಲ್ಲಿಸುವಾಗ ಅವರು ಜಗಲಿಯ ಮೇಲೆ, ಒಣ ಟವಲನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಾರೆ. ಹೊಸ ಈಜುಗನ್ನಡಕದ ಗುರುತು ಬಲು ತೆಳು. ಆದುದರಿಂದ ತಮ್ಮ ಕನ್ನಡಕವನ್ನು ಹಾಕಿಕೊಂಡು, ನಮ್ಮ ಗದ್ದವನ್ನು ಹಿಡಿದು ಬೆಳಕಿನ ಕಡೆಗೆ ತಿರುಗಿಸಿ ನೋಡುತ್ತಾರೆ. ಕಳೆದ ವಾರ ಕೊಳದ ನೀರು ಬದಲಾಯಿಸುತ್ತಿದ್ದುದರಿಂದ ನಾವು ಬರಿದೇ ಹಿಂದಿರುಗಿದ ದಿನ, “ಗುರುತೇ ಇಲ್ಲವಲ್ಲ, ಎಲ್ಲಿ ಹೋಗಿದ್ದೆ?” ಎಂದು ಕೇಳಿದರು. ವಿದ್ಯಾರ್ಥಿ ಭವನಕ್ಕೆ ಎಂದು ನಿಜವನ್ನೇ ಹೇಳಿದೆವು.

ಒಂಬತ್ತು ವರ್ಷದ ಮೊಮ್ಮಗಳು ತನಗೂ ಒಂದು ಈಜುಗನ್ನಡಕ ಬೇಕೆಂದು ಹಟ ಹಿಡಿದಿದ್ದಾಳೆ. ಆ ಮಾತಿಗೆ ತಾಯಿಯವರು ಇನ್ನೂ ಉತ್ತರ ಕೊಟ್ಟಿಲ್ಲ. ಆದರೆ ಮೊನ್ನೆ, ಚಿಕ್ಕ ಮಕ್ಕಳ ಮುಖಕ್ಕೆ ಹೊಂದುವ ಅಳತೆಯದು ಸಿಗುತ್ತದೆಯೇ ಎಂದು ನಮ್ಮ ಮನೆಯವರನ್ನು ಕೇಳಿದರಂತೆ.